ಲೋಕಮತವೂ ನ್ಯಾಯಾಸನವೂ

ಊರಲ್ಲಿ ಕೊಲೆಯಾಯಿತೆಂಬ ಸುದ್ದಿಯ ಬೆನ್ನಲ್ಲಿಯೇ ಕೊಲೆಗಾರನು ಇಂಥವನೆಂಬ ಸುದ್ದಿಯೂ ಹಬ್ಬುತ್ತದೆ. ಪೋಲೀಸರ ಪಂಚನಾಮೆ ಮುಗಿದಿರುವುದಿಲ್ಲ; ಶವಪರೀಕ್ಷೆಯ ವರದಿ ಬಂದಿರುವುದಿಲ್ಲ; ಒಬ್ಬ ಸಾಕ್ಷಿಯಾದರೂ ಪ್ರಮಾಣಮಾಡಿ ನುಡಿದಿರುವುದಿಲ್ಲ. ಆದರೂ ಚಹದ ಅಂಗಡಿಯಲ್ಲಿ, ರೈಲುಡಬ್ಬಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ವಿಚಾರಣೆ ನಡೆದು, ತೀರ್ಪು ಹೊರಟು, ಶಿಕ್ಷೆ ಎಷ್ಟೆಂಬುದೂ ನಿಶ್ಚಯವಾಗಿರುತ್ತದೆ. ಈಗಲಂತೂ ದೂರದರ್ಶನದ ಪರದೆಯೂ ಕೈಯೊಳಗಿನ ಮೊಬೈಲೂ ಸೇರಿ ಈ ಬಯಲುಕೋರ್ಟಿಗೆ ಹಗಲು-ರಾತ್ರಿಗಳ ಭೇದವನ್ನೇ ಅಳಿಸಿಬಿಟ್ಟಿವೆ. ಇಲ್ಲಿ ಫಿರ್ಯಾದಿಯೂ ನಾವೇ, ಸಾಕ್ಷಿಯೂ ನಾವೇ, ನ್ಯಾಯಾಧೀಶರೂ ನಾವೇ, ಆರೋಪಿಯೊಬ್ಬನೇ ಹೊರಗಿನವನು.

ಜನರು ಬಾಯಿ ಮುಚ್ಚಿಕೊಂಡಿರಬೇಕೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಲೋಕಮತದ ಬಲದಿಂದಲೇ ಸ್ವರಾಜ್ಯವನ್ನು ಪಡೆದವರು ನಾವು. ಲೋಕಮತದ ಬಲದಿಂದಲೇ ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡನಾಡನ್ನು 1956ರಲ್ಲಿ ಒಂದುಗೂಡಿಸಿದವರು ನಾವು. ಇಂಥ ನಾವು ಲೋಕಮತವನ್ನು ಹೀಗಳೆಯುವುದೆಂತು? ಆದರೆ ಪ್ರತಿಯೊಂದು ಬಲಕ್ಕೂ ಅದರದೇ ಆದ ಕ್ಷೇತ್ರವುಂಟು. ನಾಡನ್ನು ಕಟ್ಟುವ ಪ್ರಶ್ನೆಯಲ್ಲಿ ಜನರ ಮಾತೇ ಕಡೆಯ ಮಾತು. ಆದರೆ ಇಂಥ ದಿನ ಇಂಥ ಹೊತ್ತಿನಲ್ಲಿ ಇಂಥ ಮನುಷ್ಯನು ಇಂಥ ಕೃತ್ಯವನ್ನು ಮಾಡಿದನೋ ಇಲ್ಲವೋ ಎಂಬ ಪ್ರಶ್ನೆಯನ್ನು ಕೈಯೆತ್ತಿಸಿ ತೀರ್ಮಾನಿಸಲಾಗದು. ಹತ್ತು ಸಾವಿರ ಜನ ನಂಬಿದರೂ ಆಗದಿದ್ದದ್ದು ಆದದ್ದಾಗುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮ ಹಿರಿಯರು ಹೇಳಿದರು. ಕಾಣದೆ, ಬರಿಯ ಕೇಳಿಯೇ ನಿರ್ಣಯಿಸುವವರಿಗೆ ಅವರು ಏನನ್ನುತ್ತಿದ್ದರೋ!

ಈ ಮಾತಿನ ಬೆಲೆಯನ್ನು ನಮ್ಮ ಜನಕ್ಕೆ ಮೊದಲು ಕಲಿಸಿದ್ದು ಲೋಕಮಾನ್ಯ ತಿಲಕರ ಮೇಲಿನ ಖಟ್ಲೆಗಳು. 1897ರಲ್ಲಿ ಪುಣೆಯಲ್ಲಿ ಪ್ಲೇಗಿನ ಅಧಿಕಾರಿ ರ್‍ಯಾಂಡನ ಕೊಲೆಯಾದಾಗ ಆಂಗ್ಲೋ-ಇಂಡಿಯನ್ ಪತ್ರಗಳು ಆ ರಕ್ತದ ಕಲೆಯನ್ನು 'ಕೇಸರಿ'ಯ ಮಸಿಯಲ್ಲಿ ಹುಡುಕತೊಡಗಿದವು. ಖಟ್ಲೆ ನಡೆದದ್ದು ರಾಜದ್ರೋಹದ ಆರೋಪದ ಮೇಲೆ; ಆದರೆ ಬಿಳಿಯರ ಸಮಾಜದ ಮನಸ್ಸಿನಲ್ಲಿ ಆರೋಪ ಬೇರೆಯೇ ಆಗಿತ್ತು. ಒಂಬತ್ತು ಮಂದಿ ಜ್ಯೂರಿಗಳಲ್ಲಿ ಆರು ಮಂದಿ ಯುರೋಪಿಯನ್ನರು ದೋಷಿಯೆಂದರು. ಮೂವರು ಹಿಂದೀಯರು ನಿರ್ದೋಷಿಯೆಂದರು. 1908ರಲ್ಲಿ ಮತ್ತೆ ಅದೇ ನಾಟಕ. ಆಗಿನ ಜ್ಯೂರಿಯಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರಸಿಗಳು. ತೀರ್ಪು ಬಂದದ್ದೂ ಏಳಕ್ಕೆ ಎರಡರಂತೆಯೇ. ಸಾಕ್ಷ್ಯವು ಎಲ್ಲರಿಗೂ ಒಂದೇ ಆಗಿದ್ದರೂ ಮತವು ಮೈಬಣ್ಣದ ಗೆರೆಯನ್ನು ಹಿಡಿದೇ ಒಡೆಯಿತೆಂದರೆ, ಅಲ್ಲಿ ತೀರ್ಪು ಕೊಟ್ಟದ್ದು ಸಾಕ್ಷ್ಯವಲ್ಲ, ಹೊರಗಿನಿಂದ ಹೊತ್ತುತಂದ ಅಭಿಪ್ರಾಯವೆಂಬುದು ಸ್ಪಷ್ಟವಲ್ಲವೆ?

ಆ ಖಟ್ಲೆಯಲ್ಲಿ ಭಾಷೆಯ ಅನ್ಯಾಯವೂ ಒಂದಿತ್ತು. ಲೇಖನಗಳು ಮರಾಠಿಯವು; ಜ್ಯೂರಿಯ ಬಹುಮತಕ್ಕೆ ಮರಾಠಿ ಬಾರದು. ಕೋರ್ಟಿನ ಇಂಗ್ಲಿಷು ಭಾಷಾಂತರವನ್ನೇ ನಂಬಿ ಅವರು ಲೇಖಕನ ಅಂತರಂಗವನ್ನು ಅಳೆಯಬೇಕಾಯಿತು. ತಿಲಕರು ಆರು ದಿನಗಳಲ್ಲಿ ಒಟ್ಟು ಇಪ್ಪತ್ತೊಂದು ಗಂಟೆಗೂ ಮಿಕ್ಕಿ ವಾದಿಸಿ, ಒಂದೊಂದು ಶಬ್ದದ ಅರ್ಥವನ್ನೂ ಬಿಡಿಸಿ ಹೇಳಿದರು. ಪ್ರಯೋಜನವಾಗಲಿಲ್ಲ. ಜುಲೈ 22ರ ರಾತ್ರಿ ಅವರಿಗೆ ಆರು ವರ್ಷಗಳ ಗಡೀಪಾರು ಶಿಕ್ಷೆಯಾಯಿತು. ಮುಂಬಯಿಯ ಗಿರಣಿಗಳ ಕೆಲಸಗಾರರು ಆರು ದಿನ ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. ಆ ಪ್ರತಿಭಟನೆ ನ್ಯಾಯವಾದದ್ದೆಂದು ನಾವು ಇಂದಿಗೂ ಹೇಳುತ್ತೇವೆ. ಏಕೆಂದರೆ ಮೊದಲೇ ಮನಸ್ಸು ಮಾಡಿಕೊಂಡವರ ಮುಂದೆ, ತಿಳಿಯದ ಭಾಷೆಯ ಮೇಲೆ ನಡೆದ ವಿಚಾರಣೆಯು ವಿಚಾರಣೆಯೇ ಅಲ್ಲವೆಂಬುದು ಅಂದಿನ ಜನರ ದೂರಾಗಿತ್ತು. ಹಾಗಾದರೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಅಂದು ಆಳುವವರು ಮಾಡಿದಾಗ ಅನ್ಯಾಯವಾದದ್ದು, ಇಂದು ಆಳುವವರೂ ಆಳಿಸಿಕೊಳ್ಳುವವರೂ ನಾವೇ ಆಗಿರುವಾಗ ನ್ಯಾಯವಾಗುವುದು ಹೇಗೆ?

ಸ್ವಾತಂತ್ರ್ಯ ಬಂದು ಹನ್ನೆರಡೇ ವರ್ಷಗಳಲ್ಲಿ ಈ ಪ್ರಶ್ನೆ ಅದೇ ಮುಂಬಯಿಯಲ್ಲಿ ಎದ್ದು ನಿಂತಿತು. ಈ ಸಲ ಲೋಕಮತವು ಆರೋಪಿಯ ವಿರುದ್ಧವಿರದೆ ಅವನ ಪರವಾಗಿತ್ತು. ಆದುದರಿಂದಲೇ ಈ ಪ್ರಕರಣವು ಹೆಚ್ಚು ಬೋಧಪ್ರದವಾಗಿದೆ.

1959ರ ಏಪ್ರಿಲ 27ರಂದು ನೌಕಾಪಡೆಯ ಕಮಾಂಡರ ಕಾವಸ ನಾನಾವತಿಗೆ ಅವನ ಹೆಂಡತಿಯು, ತನಗೂ ಪ್ರೇಮ ಆಹುಜಾ ಎಂಬ ವ್ಯಾಪಾರಿಗೂ ಸಂಬಂಧವಿರುವುದನ್ನು ಹೇಳಿದಳು. ನಾನಾವತಿಯು ಹೆಂಡತಿ-ಮಕ್ಕಳನ್ನು ಚಿತ್ರಮಂದಿರದಲ್ಲಿ ಬಿಟ್ಟು, ಹಡಗಿಗೆ ಹೋಗಿ, ಬೇರೊಂದು ಕಾರಣ ಹೇಳಿ ರಿವಾಲ್ವರನ್ನೂ ಆರು ಗುಂಡುಗಳನ್ನೂ ಪಡೆದು, ಆಹುಜಾನ ಮನೆಗೆ ಹೋದನು. ಮಲಗುವ ಕೋಣೆಯಲ್ಲಿ ಮೂರು ಗುಂಡುಗಳು ಹಾರಿದವು, ಆಹುಜಾ ಸತ್ತನು. ನಾನಾವತಿ ತಾನಾಗಿಯೇ ಪೋಲೀಸರಿಗೆ ಶರಣಾದನು. ಇಬ್ಬರೂ ರಿವಾಲ್ವರಿಗಾಗಿ ಹೊಡೆದಾಡುವಾಗ ಗುಂಡು ತಾನೇ ಹಾರಿತೆಂಬುದು ಆರೋಪಿಯ ಪಕ್ಷ. ಬೇಕೆಂದೇ ಕೊಂದನೆಂಬುದು ಸರಕಾರದ ಪಕ್ಷ.

ಮುಂಬಯಿಯ ಜನಕ್ಕೆ ಈ ಎರಡು ಪಕ್ಷಗಳಲ್ಲಿ ಆಸಕ್ತಿಯಿರಲಿಲ್ಲ. ಅವರ ಕಣ್ಣಿಗೆ ಕಂಡದ್ದು ಬಿಳಿಯ ಸಮವಸ್ತ್ರ ಧರಿಸಿದ, ಪದಕಗಳನ್ನು ತೊಟ್ಟ ಸ್ಫುರದ್ರೂಪಿ ಯೋಧನೊಬ್ಬನು. ಎದುರಿಗೆ ಪರರ ಸಂಸಾರ ಕೆಡಿಸಿದ ಸುಖಲೋಲುಪನೊಬ್ಬನು. 'ಬ್ಲಿಟ್ಸ್' ವಾರಪತ್ರಿಕೆಯ ಕರಂಜಿಯಾ ವಾರವಾರವೂ ಈ ಚಿತ್ರಕ್ಕೆ ಬಣ್ಣ ತುಂಬಿದರು. ಕಾಲು ರೂಪಾಯಿಯ ಪತ್ರಿಕೆ ಎರಡು ರೂಪಾಯಿಗೆ ಬಿಕರಿಯಾಯಿತೆಂದು ಪ್ರಸಿದ್ಧಿ. ಬೀದಿಯಲ್ಲಿ ನಾನಾವತಿಯ ಹೆಸರಿನ ಆಟಿಗೆಯ ಪಿಸ್ತೂಲುಗಳೂ ಆಹುಜಾನ ಹೆಸರಿನ ಟವಲುಗಳೂ ಮಾರಿದವು. ಸತ್ತವನ ಪರವಾಗಿ ಪತ್ರಿಕೆ ನಡೆಸುವವರು ಯಾರಿದ್ದರು? ಅಕ್ಟೋಬರ 21ರಂದು ಜ್ಯೂರಿಯು ಎಂಟಕ್ಕೆ ಒಂದರಂತೆ 'ನಿರ್ದೋಷಿ'ಯೆಂದಿತು. ನ್ಯಾಯಾಧೀಶ ಮೆಹತಾ ಅವರು, ಸಾಕ್ಷ್ಯವನ್ನು ನೋಡಿದ ಯಾವ ವಿವೇಕಿಯೂ ಈ ನಿರ್ಣಯಕ್ಕೆ ಬರಲಾರನೆಂದು ಪ್ರಕರಣವನ್ನು ಹಾಯ್‌ಕೋರ್ಟಿಗೆ ಕಳುಹಿದರು.

ಮುಂದೆ ಆದದ್ದನ್ನು ನಮ್ಮ ವಾಚಕರು ಲಕ್ಷ್ಯವಿಟ್ಟು ಗಮನಿಸಬೇಕು. ಆಹುಜಾ ಆಗತಾನೆ ಸ್ನಾನ ಮುಗಿಸಿ ಸೊಂಟಕ್ಕೆ ಟವಲು ಸುತ್ತಿಕೊಂಡಿದ್ದನು. ಅವನ ಶವ ಬಿದ್ದಾಗಲೂ ಆ ಟವಲು ಸಡಿಲಾಗಿರಲಿಲ್ಲ, ಕಳಚಿಬಿದ್ದಿರಲಿಲ್ಲ. ಇಬ್ಬರು ಗಂಡಸರು ರಿವಾಲ್ವರಿಗಾಗಿ ಹೆಣಗಾಡಿದ್ದರೆ ಟವಲೊಂದು ಅಲುಗಾಡದೆ ನಿಲ್ಲುವುದುಂಟೆ? ಹೆಂಡತಿಯ ಮಾತು ಕೇಳಿ ಸಿಟ್ಟಿನ ಭರದಲ್ಲಿ ಕೊಂದನೆನ್ನೋಣವೆಂದರೆ, ಮನೆಯಿಂದ ಹೊರಟದ್ದು ಮಧ್ಯಾಹ್ನ ಒಂದೂವರೆಗೆ, ಗುಂಡು ಹಾರಿದ್ದು ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ. ನಡುವೆ ಚಿತ್ರಮಂದಿರದ ಏರ್ಪಾಡು, ಹಡಗಿನ ಪ್ರವಾಸ, ಆಹುಜಾನ ಕಚೇರಿಯಲ್ಲಿ ವಿಚಾರಣೆ! ಸಿಟ್ಟು ಆರಲು ಅಷ್ಟು ಹೊತ್ತು ಸಾಲದೆ? ಟವಲು ಮತ್ತು ಗಡಿಯಾರ, ಇವೆರಡು ಮೂಕ ಸಾಕ್ಷಿಗಳು. ಇವಕ್ಕೆ ಸಮವಸ್ತ್ರದ ಬೆಡಗೂ ತಿಳಿಯದು, ಪತ್ರಿಕೆಯ ಗದ್ದಲವೂ ಕೇಳಿಸದು. 1960ರ ಮಾರ್ಚ 11ರಂದು ಹಾಯ್‌ಕೋರ್ಟು ಆಜೀವ ಕಾರಾವಾಸವನ್ನು ವಿಧಿಸಿತು. 1961ರ ನವೆಂಬರದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಹಾಯ್‌ಕೋರ್ಟಿನ ತೀರ್ಪು ಬಂದ ದಿನವೇ ರಾಜ್ಯಪಾಲರು ಶಿಕ್ಷೆಯನ್ನು ತಡೆಹಿಡಿದದ್ದೂ, ಕೊನೆಗೆ 1964ರಲ್ಲಿ ಅವನಿಗೆ ಕ್ಷಮಾದಾನ ದೊರೆತದ್ದೂ ಚರಿತ್ರೆಯಾಗಿವೆ. ಕ್ಷಮೆಯು ರಾಜ್ಯದ ದಯೆ, ಅದರ ಮಾತು ಬೇರೆ. ಆದರೆ ದಯೆ ತೋರಿಸಲೆಂದು ಸತ್ಯವನ್ನೇ ತಿರುಚುವುದು ಯಾರ ಹಕ್ಕೂ ಅಲ್ಲ. ಜ್ಯೂರಿಯ ಎಂಟು ಮಂದಿ ಮಾಡಿದ್ದು ಅದನ್ನೇ.

ಮೊದಲೇ ಹಳೆಯ ಜ್ಯೂರಿ ಪದ್ಧತಿಯನ್ನು ತೆಗೆಯಬೇಕೆಂದು ಕಾನೂನು ಆಯೋಗವು 1958ರಲ್ಲಿ ಶಿಫಾರಸು ಮಾಡಿತ್ತು. 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಸ್ಥಾನವೇ ಸಿಗಲಿಲ್ಲ. ಕೋರ್ಟಿನೊಳಗಿನ ಒಂಬತ್ತು ಮಂದಿಯನ್ನು ನಾವು ಮನೆಗೆ ಕಳುಹಿದೆವು. ಅದರ ಬದಲಿಗೆ ಕೋರ್ಟಿನ ಹೊರಗೆ ಕೋಟಿಗಟ್ಟಲೆ ಜನರ ಜ್ಯೂರಿಯನ್ನು ಕೂಡಿಸಿದ್ದೇವೆ. ಆ ಒಂಬತ್ತು ಮಂದಿಯಾದರೂ ಪ್ರಮಾಣ ಸ್ವೀಕರಿಸಿ, ಸಾಕ್ಷಿಗಳ ಮುಖ ನೋಡಿ, ಪಾಟೀಸವಾಲನ್ನು ಕೇಳಿ ಹೇಳುತ್ತಿದ್ದರು. ಈ ಕೋಟಿ ಜನಕ್ಕೆ ಅದಾವುದರ ಗೊಡವೆಯೂ ಇಲ್ಲ.

ವಾಚಕರಿಗೆ ಪ್ರತಿದಿನ ಉಪಯೋಗಕ್ಕೆ ಬರುವ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. 'ಪೋಲೀಸರ ಮುಂದೆ ಆರೋಪಿಯು ತಪ್ಪೊಪ್ಪಿಕೊಂಡಿದ್ದಾನೆ' ಎಂಬ ದಪ್ಪಕ್ಷರದ ಶಿರೋನಾಮೆ ಪತ್ರಿಕೆಗಳಲ್ಲಿ ಪದೇ ಪದೇ ಕಾಣುತ್ತದೆ. ಓದಿದವರು ಇನ್ನೇನು ಉಳಿಯಿತೆಂದು ಪತ್ರಿಕೆಯನ್ನು ಮಡಿಚಿಡುತ್ತಾರೆ. ಆದರೆ ಪೋಲೀಸರ ಮುಂದೆ ಕೊಟ್ಟ ಕಬೂಲಿಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಕೂಡದೆಂದು 1872ರ ಸಾಕ್ಷ್ಯ ಕಾಯಿದೆಯೇ ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯಿದೆಯೂ ಅದನ್ನು ಹಾಗೆಯೇ ಉಳಿಸಿಕೊಂಡಿದೆ. ಆ ಮಾತಿನಿಂದ ಯಾವುದಾದರೊಂದು ವಸ್ತು ಪತ್ತೆಯಾದರೆ, ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ಕೋರ್ಟಿಗೆ ಬರಬಹುದು. ಏತಕ್ಕೆ ಈ ನಿಯಮ? ಠಾಣೆಯ ನಾಲ್ಕು ಗೋಡೆಗಳ ನಡುವೆ ಮನುಷ್ಯನ ಬಾಯಿಂದ ಏನನ್ನು ಬೇಕಾದರೂ ಹೊರಡಿಸಬಹುದೆಂಬುದು ಆ ಕಾಯಿದೆ ಮಾಡಿದ ಆಂಗ್ಲರಿಗೂ ಗೊತ್ತಿತ್ತು. ಪರಕೀಯ ಸರಕಾರವು ಕೂಡ ನಂಬದಿದ್ದ ಪುರಾವೆಯನ್ನು ಸ್ವತಂತ್ರ ನಾಡಿನ ಸುಶಿಕ್ಷಿತರು ಬೆಳಗಿನ ಕಾಫಿಯೊಡನೆ ನಂಬಿಬಿಡುವುದು ಶೋಚನೀಯವಲ್ಲವೆ?

ಈ ಗದ್ದಲದಿಂದ ಆರೋಪಿಗೆ ಮಾತ್ರ ಕೇಡೆಂದು ಯಾರೂ ತಿಳಿಯಬಾರದು. ನಿಜವಾದ ಅಪರಾಧಿಗೆ ಇದರಿಂದ ಲಾಭವೂ ಉಂಟು. ಗುರುತಿನ ಕವಾಯತಿಗೆ ಮೊದಲೇ ಆರೋಪಿಯ ಭಾವಚಿತ್ರವು ಮನೆಮನೆಗೆ ಮುಟ್ಟಿದರೆ, ಸಾಕ್ಷಿಯು ಅವನನ್ನು ಗುರುತಿಸಿದ್ದು ಕಣ್ಣಾರೆ ಕಂಡ ನೆನಪಿನಿಂದಲೋ ಚಿತ್ರದಿಂದಲೋ ಎಂದು ವಕೀಲನು ಕೇಳಿಯೇ ಕೇಳುತ್ತಾನೆ. ಒಳ್ಳೆಯ ಸಾಕ್ಷ್ಯವೊಂದು ಅಲ್ಲಿಗೆ ಹಾಳಾಗುತ್ತದೆ. ಸಾಕ್ಷಿಯ ಮಾತನ್ನು ಪರದೆಯ ಮೇಲೆ ಹತ್ತು ಸಲ ಹೇಳಿಸಿದರೆ ಹತ್ತು ರೂಪ ತಾಳುತ್ತದೆ. ಆ ಭೇದಗಳೆಲ್ಲ ಪಾಟೀಸವಾಲಿನ ಆಯುಧಗಳಾಗುತ್ತವೆ. ಕಾನೂನು ಆಯೋಗವು 2006ರಲ್ಲಿ ಪತ್ರಿಕಾ-ವಿಚಾರಣೆಯನ್ನು ಕುರಿತೇ ಒಂದು ವರದಿಯನ್ನು ಕೊಟ್ಟು, ಆರೋಪಿಯ ದಸ್ತಗಿರಿಯಾದಂದಿನಿಂದಲೇ ಪತ್ರಿಕೆಗಳು ಸಂಯಮದಿಂದಿರುವಂತೆ ನ್ಯಾಯಾಲಯ ನಿಂದನೆಯ ಕಾಯಿದೆಯನ್ನು ತಿದ್ದಬೇಕೆಂದು ಸೂಚಿಸಿತು. ಕಾಯಿದೆ ಎಷ್ಟೇ ತಿದ್ದಿದರೂ ಓದುಗನ ರುಚಿ ತಿದ್ದದ ಹೊರತು ಫಲವಿಲ್ಲವೆಂದು ನಮ್ಮ ಅಭಿಪ್ರಾಯ. ಕೊಳ್ಳುವವನಿರುವವರೆಗೆ ಮಾರುವವನು ಇದ್ದೇ ಇರುತ್ತಾನೆ.

ಇನ್ನು, ಆರೋಪವು ಎಷ್ಟು ಘೋರವೋ ಅಷ್ಟು ಬೇಗ ಶಿಕ್ಷೆಯಾಗಬೇಕು, ಅಂಥವನಿಗೆ ವಕೀಲನೇಕೆ, ಎಂದು ಕೇಳುವವರಿದ್ದಾರೆ. ಈ ದೇಶದಲ್ಲಿ ಮಹಾತ್ಮರ ಹತ್ಯೆಗಿಂತ ಘೋರವಾದದ್ದು ಯಾವುದು? 1948ರ ಜನವರಿ 30ರ ಅನಂತರದ ದಿನಗಳಲ್ಲಿ ಪುಣೆ, ಸಾತಾರೆ, ಕೊಲ್ಹಾಪುರ, ಸಾಂಗಲಿಗಳ ಕಡೆಗೆ ಬೀದಿಯ ನ್ಯಾಯವೂ ನಡೆಯಿತು. ಕೊಂದವನ ಜಾತಿಯವರೆಂಬ ಒಂದೇ ಕಾರಣಕ್ಕೆ ಏನೂ ಅರಿಯದವರ ಮನೆಗಳು ಬೆಂದವು. ಅದೇ ವರ್ಷ ದೆಹಲಿಯ ಕೆಂಪುಕೋಟೆಯಲ್ಲಿ ನ್ಯಾಯಾಧೀಶ ಆತ್ಮಚರಣರ ಮುಂದೆ ಕಾನೂನಿನ ನ್ಯಾಯವೂ ನಡೆಯಿತು. ಎಂಟು ಮಂದಿ ಆರೋಪಿಗಳು. ಅವರ ಪರವಾಗಿ ವಕೀಲರು ವಾದಿಸಿದರು. 1949ರ ಫೆಬ್ರವರಿಯಲ್ಲಿ ಇಬ್ಬರಿಗೆ ಮರಣದಂಡನೆ, ಐವರಿಗೆ ಆಜೀವ ಶಿಕ್ಷೆ, ಒಬ್ಬರ ಬಿಡುಗಡೆ. ಮೇಲ್ಮನವಿಯಲ್ಲಿ ಸಿಮ್ಲೆಯ ಹಾಯ್‌ಕೋರ್ಟು ಐವರಲ್ಲಿ ಮತ್ತಿಬ್ಬರನ್ನು ಬಿಟ್ಟಿತು. ರಾಷ್ಟ್ರಪಿತನನ್ನು ಕಳೆದುಕೊಂಡು ಇಡೀ ದೇಶ ಕುದಿಯುತ್ತಿದ್ದಾಗ ನ್ಯಾಯಾಧೀಶರು ಒಬ್ಬೊಬ್ಬನ ಮೇಲಿನ ಪುರಾವೆಯನ್ನು ಬೇರೆಬೇರೆಯಾಗಿ ತೂಗಿದರು. ಬೆಂಕಿಯಿಟ್ಟ ಗುಂಪಿಗೆ ಒಂದೇ ತೂಕವಿತ್ತು, ಅದು ಜಾತಿ. ಇವೆರಡರಲ್ಲಿ ಯಾವುದು ಮಹಾತ್ಮರಿಗೆ ಒಪ್ಪುತ್ತಿದ್ದ ನ್ಯಾಯವೆಂಬುದನ್ನು ಹೇಳಬೇಕಾಗಿಲ್ಲ.

ಇದರ ಸಂಬಂಧದಲ್ಲಿ ನಮ್ಮ ವೃತ್ತಿಬಾಂಧವರಿಗೂ ಒಂದು ಕಟುವಾದ ಮಾತು ಹೇಳಬೇಕಾಗಿದೆ. ಇಂಥ ಆರೋಪಿಯ ವಕಾಲತ್ತು ವಹಿಸಕೂಡದೆಂದು ವಕೀಲರ ಸಂಘಗಳೇ ಠರಾವು ಮಾಡುವ ಕೆಟ್ಟ ಪರಿಪಾಠವೊಂದು ಬೆಳೆದಿದೆ. ಇಂಥ ಠರಾವುಗಳು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧ, ಅವುಗಳಿಗೆ ಬೆಲೆಯಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಸಾರಿತು. ಹೀಗಿದ್ದೂ 2020ರಲ್ಲಿ ನಮ್ಮ ಹುಬ್ಬಳ್ಳಿಯ ವಕೀಲರ ಸಂಘವು ರಾಜದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರವಾಗಿ ಯಾರೂ ನಿಲ್ಲಕೂಡದೆಂದು ಠರಾಯಿಸಿ, ಹಾಯ್‌ಕೋರ್ಟಿನ ಆಕ್ಷೇಪಕ್ಕೆ ಗುರಿಯಾಗಿ, ಆಮೇಲೆ ಠರಾವನ್ನು ತಿದ್ದಿಕೊಳ್ಳಬೇಕಾಯಿತು. ಆ ವಿದ್ಯಾರ್ಥಿಗಳು ಮಾಡಿದ್ದು ಸರಿಯೋ ತಪ್ಪೋ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ತಿಲಕರ ಮೇಲಿದ್ದ ಆರೋಪವೂ ರಾಜದ್ರೋಹವೇ ಆಗಿತ್ತೆಂಬುದು, ಅವರ ಹೋಮ್‌ರೂಲ್ ಲೀಗು 1916ರಲ್ಲಿ ಹುಟ್ಟಿದ ಬೆಳಗಾವಿಯ ನೆರೆಯ ಊರಿನವರಿಗೆ ನೆನಪಿರಬೇಕಾಗಿತ್ತು. ದೇಶಾಭಿಮಾನವೆಂಬುದು ಆರೋಪಿಯ ವಕೀಲನನ್ನು ಕಸಿದುಕೊಳ್ಳುವುದರಲ್ಲಿಲ್ಲ. ಎಂಥ ಆರೋಪಿಯೂ ನಮ್ಮ ನಾಡಿನಲ್ಲಿ ತನ್ನ ಮಾತು ಹೇಳಿಕೊಳ್ಳಬಲ್ಲನೆಂದು ಎದೆತಟ್ಟಿ ಹೇಳುವುದರಲ್ಲಿದೆ.

ನಮ್ಮ ಮಾತಿಗೆ ಬರಬಹುದಾದ ಆಕ್ಷೇಪವನ್ನು ನಾವು ಬಲ್ಲೆವು. 'ಹಣವಂತನು ದೊಡ್ಡ ವಕೀಲನನ್ನಿಟ್ಟು ಪಾರಾಗುತ್ತಾನೆ, ಸಾಕ್ಷಿಗಳು ತಿರುಗಿಬೀಳುತ್ತಾರೆ, ಖಟ್ಲೆ ಹತ್ತು-ಹದಿನೈದು ವರ್ಷ ಎಳೆಯುತ್ತದೆ, ಜನರ ಕೂಗಿಲ್ಲದಿದ್ದರೆ ಬಡವನಿಗೆ ನ್ಯಾಯವೆಲ್ಲಿ?' ಎಂದು ಕೇಳುತ್ತಾರೆ. ಈ ದೂರಿನಲ್ಲಿ ಹುರುಳಿದೆ. ಅದನ್ನು ತಳ್ಳಿಹಾಕುವ ವಕೀಲನು ಆತ್ಮವಂಚಕನು. ಆದರೆ ಜನರ ಕೂಗು ಎತ್ತ ಕಡೆಗೆ ತಿರುಗಬೇಕೆಂಬುದೇ ನಮ್ಮ ವಿಚಾರ. 1945ರಲ್ಲಿ ಆಜಾದ್ ಹಿಂದ್ ಸೇನೆಯ ಶಾಹನವಾಜ, ಸೆಹಗಲ, ಧಿಲ್ಲನರ ವಿಚಾರಣೆ ನಡೆದಾಗ ದೇಶಕ್ಕೆ ದೇಶವೇ ಎದ್ದಿತು. ಅವರು ಯುದ್ಧ ಮಾಡಲಿಲ್ಲವೆಂದು ಯಾರಾದರೂ ಕೂಗಿದರೇನು? ಇಲ್ಲ, ಬಿಡುಗಡೆಗಾಗಿ ಯುದ್ಧ ಮಾಡುವುದು ಪರತಂತ್ರ ಜನಾಂಗದ ಹಕ್ಕೆಂದು ಭೂಲಾಭಾಯಿ ದೇಸಾಯಿಯವರು ಒಳಗೆ ವಾದಿಸಿದರು, ಜನರು ಹೊರಗೆ ಗರ್ಜಿಸಿದರು. ಅದು ಕಾನೂನಿನ ನೀತಿಯನ್ನು ಕುರಿತ ವಿವಾದ, ಘಟನೆಯನ್ನು ಕುರಿತದ್ದಲ್ಲ. ಸೈನಿಕ ನ್ಯಾಯಾಲಯವು ವಿಧಿಸಿದ ಆಜೀವ ಗಡೀಪಾರನ್ನು 1946ರ ಜನವರಿಯಲ್ಲಿ ಸೇನಾಪತಿ ಆಕಿನ್‌ಲೆಕ್ ರದ್ದುಮಾಡಬೇಕಾಯಿತು.

ಇನ್ನೊಂದು ಉದಾಹರಣೆ ಇದಕ್ಕಿಂತ ಸಮೀಪದ್ದು. 1972ರಲ್ಲಿ ಮಹಾರಾಷ್ಟ್ರದ ಪೋಲೀಸು ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆದ ಆರೋಪದಿಂದ ಇಬ್ಬರು ಪೋಲೀಸರನ್ನು ಸರ್ವೋಚ್ಚ ನ್ಯಾಯಾಲಯವು ಬಿಡುಗಡೆ ಮಾಡಿತು. 1979ರಲ್ಲಿ ನಾಲ್ವರು ಕಾಯಿದೆಯ ಅಧ್ಯಾಪಕರು ಮುಖ್ಯ ನ್ಯಾಯಾಧೀಶರಿಗೆ ಬಹಿರಂಗ ಪತ್ರವನ್ನು ಬರೆದು, ತೀರ್ಪಿನ ತರ್ಕದಲ್ಲಿದ್ದ ದೋಷಗಳನ್ನು ಒಂದೊಂದಾಗಿ ತೋರಿಸಿದರು. ಮಹಿಳೆಯರ ಸಂಘಗಳು ಊರೂರಲ್ಲಿ ಎದ್ದವು. 1983ರಲ್ಲಿ ಕಾಯಿದೆಯೇ ಬದಲಾಯಿತು. ಅವರು ಯಾರ ಮನೆಗೂ ಕಲ್ಲೆಸೆಯಲಿಲ್ಲ. ತೀರ್ಪನ್ನು ಓದಿ, ದಾಖಲೆಯನ್ನು ಮುಂದಿಟ್ಟುಕೊಂಡು ಮಾತಾಡಿದರು. ಲೋಕಮತವೆಂದರೆ ಅದು! ವಿಚಾರಣೆ ಮುಗಿದ ತೀರ್ಪು ಸಾರ್ವಜನಿಕ ಆಸ್ತಿ. ಅದನ್ನು ಟೀಕಿಸಲು ಎಲ್ಲರಿಗೂ ಹಕ್ಕುಂಟು, ಓದಿ ಟೀಕಿಸಬೇಕೆಂಬುದಷ್ಟೇ ನಿಬಂಧನೆ.

ಓದುವ ಮಾತು ಬಂದ ಮೇಲೆ ಕನ್ನಡದ ಮಾತೂ ಬರಲೇಬೇಕು. ಏಕೀಕರಣಕ್ಕೆ ಮೊದಲು ಧಾರವಾಡದವನ ಮೇಲ್ಮನವಿ ಮುಂಬಯಿಗೆ, ಮಂಗಳೂರಿನವನದು ಮದ್ರಾಸಿಗೆ ಹೋಗುತ್ತಿತ್ತು. ನಿಜಾಮರ ಆಳ್ವಿಕೆಯ ಕಲಬುರಗಿಯ ರೈತನು ಉರ್ದುವಿನಲ್ಲಿ ನಡೆಯುವ ಖಟ್ಲೆಯಲ್ಲಿ ಮೂಕನಾಗಿ ನಿಲ್ಲುತ್ತಿದ್ದನು. ನಾಡು ಒಂದಾದುದರಿಂದ ಹಾಯ್‌ಕೋರ್ಟೂ ಒಂದಾಯಿತು. 2008ರಿಂದ ಧಾರವಾಡಕ್ಕೂ ಕಲಬುರಗಿಗೂ ಅದರ ಪೀಠಗಳು ಬಂದವು. ಇಷ್ಟಾದರೂ ಹಾಯ್‌ಕೋರ್ಟಿನ ತೀರ್ಪು ಹೊರಡುವುದು ಇಂಗ್ಲಿಷಿನಲ್ಲಿ. ವದಂತಿ ಹೊರಡುವುದು ಮಾತ್ರ ಅಚ್ಚಕನ್ನಡದಲ್ಲಿ. ತಾಯಿನುಡಿಯಲ್ಲಿ ದೊರೆಯುವುದು ವದಂತಿಯೊಂದೇ ಆದರೆ ಜನರು ಅದನ್ನೇ ನಂಬುವುದರಲ್ಲಿ ಆಶ್ಚರ್ಯವೇನು? ಕೆಳಗಿನ ಕೋರ್ಟುಗಳಲ್ಲಿ ಕನ್ನಡಕ್ಕಿರುವ ಅವಕಾಶವನ್ನು ವಕೀಲರು ಮನಸ್ಸಿಟ್ಟು ಬಳಸಬೇಕು. ಮಹತ್ತ್ವದ ತೀರ್ಪುಗಳು ತಿಳಿಯಾದ ಕನ್ನಡದಲ್ಲಿ ಜನರ ಕೈಸೇರಬೇಕು. ತಿಲಕರ ಜ್ಯೂರಿಗೆ ಆರೋಪಿಯ ಭಾಷೆ ತಿಳಿದಿರಲಿಲ್ಲ. ನಮ್ಮ ಜನಕ್ಕೆ ನ್ಯಾಯಾಲಯದ ಭಾಷೆ ತಿಳಿಯದಿರುವುದು ಅದರದೇ ಮತ್ತೊಂದು ಮಗ್ಗುಲು.

ಆದುದರಿಂದ ಲೋಕಮತವು ಕೇಳಬೇಕಾದ್ದನ್ನು ಕೇಳಲಿ: ವಿಚಾರಣೆ ಬಾಗಿಲು ತೆರೆದು ನಡೆಯಲಿ, ಬೇಗನೆ ನಡೆಯಲಿ, ಸಾಕ್ಷಿಗೆ ರಕ್ಷಣೆ ದೊರೆಯಲಿ, ಬಡ ಆರೋಪಿಗೂ ಬಡ ಫಿರ್ಯಾದಿಗೂ ಯೋಗ್ಯ ವಕೀಲನಿರಲಿ, ನ್ಯಾಯಾಧೀಶರ ಖಾಲಿ ಸ್ಥಾನಗಳು ತುಂಬಲಿ, ನ್ಯಾಯವು ಕನ್ನಡದಲ್ಲಿ ಕೇಳಿಸಲಿ. ಇವುಗಳಿಗಾಗಿ ಸಭೆ ಕೂಡಿಸಿರಿ, ಠರಾವು ಮಾಡಿರಿ, ಶಾಸಕರ ಮನೆಬಾಗಿಲನ್ನು ತಟ್ಟಿರಿ. ನಾವೂ ನಿಮ್ಮೊಡನೆ ಬರುತ್ತೇವೆ. ಆದರೆ 'ಅವನೇ ಮಾಡಿದ್ದು' ಎಂಬ ಮಾತು ನಾಲಗೆಯ ತುದಿಗೆ ಬಂದಾಗ ಒಂದು ಗಳಿಗೆ ತಡೆಯಿರಿ, 'ನೀನು ಕಂಡೆಯಾ?' ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಶಾಲೆಯಲ್ಲಿ ಒಂದು ಪೆನ್ಸಿಲು ಕಳೆದುಹೋದರೆ ಇಡೀ ವರ್ಗವು ಒಬ್ಬ ಬಡ ಹುಡುಗನತ್ತ ಬೆರಳು ತೋರಿಸುತ್ತದೆ. ಆಗ 'ಯಾರು ನೋಡಿದಿರಿ?' ಎಂದು ಕೇಳುವ ಉಪಾಧ್ಯಾಯನು, ಹತ್ತು ವರ್ಷಗಳ ಮುಂದಿನ ನ್ಯಾಯವಂತ ನಾಗರಿಕರನ್ನು ಆ ಒಂದೇ ಪ್ರಶ್ನೆಯಿಂದ ತಯಾರಿಸುತ್ತಾನೆ. ಸ್ವರಾಜ್ಯಕ್ಕೆ ಯೋಗ್ಯವಾದ ಲೋಕಮತವು ಮೊದಲು ಆ ವರ್ಗದಲ್ಲಿ ಹುಟ್ಟಬೇಕು.